ಕಂಬ ಯಾರದ್ದು?

"ಸರ್, ಅಲ್ಲೊಂದು ಬಾವುಟ ಕಟ್ಟಿದ್ದಾರೆ, ತೆಗೆಸಿ" ಎಂದು ಯಾರಾದರೂ ಬಂದರೆ, ಯಾವ ಪಕ್ಷದ್ದು ಎಂದು ನಾನು ಕೇಳುತ್ತಿರಲಿಲ್ಲ. ಯಾವ ಕಂಬ ಎಂದು ಕೇಳುತ್ತಿದ್ದೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಪಂಚಾಯತ್ ಆಫೀಸುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಕಲಿತದ್ದು ಇದು.

ರಸ್ತೆ ಬದಿಯ ಕಂಬಗಳಿಗೆಲ್ಲ ಒಬ್ಬರೇ ಯಜಮಾನರಿಲ್ಲ. ಕರೆಂಟ್ ಕಂಬ ಕೆಎಸ್‌ಇಬಿಯದ್ದು, ಅಂದರೆ ಕೇರಳದ ವಿದ್ಯುತ್ ಮಂಡಳಿಯದ್ದು. ಅದರ ಮೇಲಿನ ಬೀದಿ ದೀಪ ನೋಡಿಕೊಳ್ಳುವುದು ಪಂಚಾಯತ್. ಊರ ರಸ್ತೆಯ ಬೋರ್ಡಿನ ಕಂಬ ಲೋಕೋಪಯೋಗಿ ಇಲಾಖೆಯದ್ದಿರಬಹುದು. ಗಡಿಯ ತಲಪಾಡಿಯಿಂದ ಈಚೆ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಹೆದ್ದಾರಿ ಪ್ರಾಧಿಕಾರದ್ದು. ಅರ್ಜಿ ತಪ್ಪು ಮೇಜಿಗೆ ಹೋದರೆ ಅಲ್ಲೇ ಕೂರುತ್ತದೆ.

ಒಂದು ಜೂನ್ ತಿಂಗಳ ಮಳೆಯಲ್ಲಿ ಲೈನ್‌ಮ್ಯಾನ್ ಒಬ್ಬರು ನನ್ನನ್ನು ಕಂಬದ ಬುಡಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಒಂದೇ ಕಂಬಕ್ಕೆ ಮೂರು ಕಬ್ಬಿಣದ ಪೈಪು, ಮೂರು ಬಾವುಟ. ಕಟ್ಟಿದ ತಂತಿ ತುಕ್ಕು ಹಿಡಿದು ಮುಳ್ಳಿನಂತೆ ಎದ್ದಿತ್ತು. ಏಣಿ ಒರಗಿಸಲು ಜಾಗ ಇರಲಿಲ್ಲ. ಒದ್ದೆ ಬಟ್ಟೆಯೊಂದು ಗಾಳಿಗೆ ಹಾರಿ ಲೈನಿಗೇ ಸುತ್ತಿಕೊಂಡಿತ್ತು. ಲೈನ್ ಆಫ್ ಮಾಡಿಸಿ ಕತ್ತರಿಸಿ ಇಳಿದಾಗ ಅವರ ಅಂಗೈಯಲ್ಲಿ ರಕ್ತ. ಬಾವುಟ ಕಟ್ಟುವ ಹುಡುಗರು ಈ ಕೈಯನ್ನು ಒಮ್ಮೆ ನೋಡಬೇಕಿತ್ತು.

ಕಾನೂನು ಸ್ಪಷ್ಟವಾಗಿಯೇ ಇದೆ. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಕೊಡಿಮರ, ಅಂದರೆ ಬಾವುಟದ ಕಂಬ, ನೆಡಬಾರದು, ಅದು ಶಾಶ್ವತವೇ ಇರಲಿ, ತಾತ್ಕಾಲಿಕವೇ ಇರಲಿ ಎಂದು ಕೇರಳ ಹೈಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿತು. ಚುನಾವಣೆ ಘೋಷಣೆಯಾದರೆ ಕರೆಂಟ್ ಕಂಬದಂಥ ಕಡೆ ಇರುವ ಪಕ್ಷಗಳ ಬಾವುಟ, ಬೋರ್ಡೆಲ್ಲ 48 ಗಂಟೆಯೊಳಗೆ ಹೋಗಬೇಕು. ಆಗ ಹೋಗುತ್ತದೆ ಅಲ್ವಾ? ಉಳಿದ ದಿನಗಳಲ್ಲಿ ಯಾಕೆ ಆಗುವುದಿಲ್ಲ ಎಂದು ಜನ ಕೇಳುವುದು ನ್ಯಾಯವೇ.

ನಿಜವಾದ ಕಷ್ಟ ಇಳಿಸುವ ದಿನ. ಒಂದು ಬಣ್ಣದ್ದನ್ನು ಬೆಳಿಗ್ಗೆ, ಇನ್ನೊಂದನ್ನು ನಾಳೆ ಎಂದರೆ ಸಂಜೆಯೊಳಗೆ ಪೇಟೆಯಲ್ಲಿ ಗಲಾಟೆ. ಅದಕ್ಕೇ ಕಟ್ಟಿದವರಿಗೆಲ್ಲ ಒಂದೇ ದಿನ ನೋಟೀಸು, ಒಂದೇ ಗಡುವು ಕೊಡುತ್ತಿದ್ದೆವು. ಜಾತ್ರೆಯ ತೋರಣ, ಉರೂಸಿನ ಬಾವುಟ, ಪಕ್ಷದ್ದು, ಕ್ಲಬ್ಬಿನದ್ದು, ಎಲ್ಲಕ್ಕೂ ಅದೇ. ಹೆಚ್ಚಿನವರು ತಾವೇ ಬಂದು ತೆಗೆಯುತ್ತಿದ್ದರು. ಉಳಿದದ್ದನ್ನು ಪೊಲೀಸರಿಗೆ ತಿಳಿಸಿ, ಫೋಟೋ ತೆಗೆದು, ಮಹಜರು ಬರೆದು, ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಸಾಲಾಗಿ ಇಳಿಸುವುದು. ನೆಲಕ್ಕೆ ಎಸೆಯುವಂತಿಲ್ಲ. ಮಡಚಿ ಚೀಲಕ್ಕೆ ಹಾಕಬೇಕು. ಬಟ್ಟೆಗೆ ಮಾಡಿದ ಅವಮಾನವನ್ನು ಜನ ಮರೆಯುವುದಿಲ್ಲ.

ರಾಷ್ಟ್ರಧ್ವಜಕ್ಕೆ ಬೇರೆಯೇ ಕ್ರಮ. ಆಗಸ್ಟ್ 15 ಕಳೆದ ಮೇಲೆ ಕಂಬದಲ್ಲಿ ಹರಿದು ನೇತಾಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಹಾಳಾದ ಧ್ವಜವನ್ನು ಖಾಸಗಿಯಾಗಿ, ಪೂರ್ತಿಯಾಗಿ, ಆದಷ್ಟು ಸುಟ್ಟು ಅಥವಾ ಗೌರವಕ್ಕೆ ಕುಂದಾಗದ ಬೇರೆ ರೀತಿಯಲ್ಲಿ ನಾಶ ಮಾಡಬೇಕು ಎನ್ನುತ್ತದೆ 2002ರ ಧ್ವಜ ಸಂಹಿತೆ. ಕಸದ ಗಾಡಿಗೆ ಹಾಕಬೇಡಿ.

ದೂರು ಕೊಡುವಾಗ ಸುಮ್ನೆ "ಪೇಟೆಯಲ್ಲಿ" ಎಂದು ಬರೆಯಬೇಡಿ. ಕರೆಂಟ್ ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಇದ್ದರೆ ಅದನ್ನು ಹಾಕಿ, ಫೋಟೋ ಸೇರಿಸಿ. ಕನ್ನಡದಲ್ಲೇ ಬರೆಯಿರಿ. ಸರ್ಕಾರದ ಜೊತೆ ನಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯಿದೆ 1969ರಲ್ಲೇ ಕೊಟ್ಟಿತು. ಕೊಟ್ಟ ದಿನವೇ ರಸೀದಿ ಕೇಳಿ ಪಡೆಯಿರಿ.