ನಕ್ಷತ್ರಗಳೇಕೆ ಗೆರೆಗಳಾಗುತ್ತವೆ?

ಪ್ರಶ್ನೆ: ಸಣ್ಣ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಕೃತ್ತಿಕೆ ನಕ್ಷತ್ರಗುಚ್ಛದ ಚಿತ್ರ ತೆಗೆದೆ. ಕಣ್ಣಿಗೆ ಸೂಜಿಮೊನೆಯಂತೆ ಕಂಡ ನಕ್ಷತ್ರಗಳು ಚಿತ್ರದಲ್ಲಿ ಗೀಚಿದ ಗೆರೆಗಳಾಗಿವೆ. ಇನ್ನೂ ದೊಡ್ಡ ದೂರದರ್ಶಕ ಬೇಕೇ?

ಉತ್ತರ: ಬೇಡವೇ ಬೇಡ. ಕೃತ್ತಿಕೆ ಹೆಚ್ಚುಕಡಿಮೆ 2 ಡಿಗ್ರಿ ಹರಡಿಕೊಂಡಿದೆ, ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ದೊಡ್ಡ ದೂರದರ್ಶಕದ ಚೌಕಟ್ಟಿನಲ್ಲಿ ಅದು ಹಿಡಿಸುವುದೂ ಕಷ್ಟ.

ತಪ್ಪು ಭೂಮಿಯದು. ಅದು ತಿರುಗುವುದರಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಪಾಲು) ಸರಿಯುತ್ತದೆ. ದೂರದರ್ಶಕದ ಸಂಗಮದೂರ (ಫೋಕಲ್ ಲೆಂತ್) 500 ಮಿಲಿಮೀಟರ್, ಕ್ಯಾಮೆರಾದ ಪಿಕ್ಸೆಲ್ 4 ಮೈಕ್ರಾನ್ ಎಂದಿಟ್ಟುಕೊಳ್ಳಿ: ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಎಂಟೊಂಬತ್ತು ಪಿಕ್ಸೆಲ್ ದಾಟಿರುತ್ತದೆ. ಸಂಗಮದೂರ ಹೆಚ್ಚಿದಷ್ಟೂ ಗೆರೆ ಉದ್ದವಾಗುತ್ತದೆ. ಹಾಗಾಗಿ ಹಣ ಹಾಕುವುದಿದ್ದರೆ ಮೊದಲು ದೂರದರ್ಶಕವನ್ನು ಹೊರುವ ಪೀಠಕ್ಕೆ ಹಾಕಿ. ಅಕ್ಷವನ್ನು ಖಗೋಳ ಧ್ರುವಕ್ಕೆ, ಅಂದರೆ ಆಕಾಶವೆಲ್ಲ ಸುತ್ತುವಂತೆ ಕಾಣುವ ಬಿಂದುವಿಗೆ, ಹೊಂದಿಸಿದರೆ ಮೋಟಾರಿನ ಬಲದಿಂದ ಆಕಾಶದ ಜೊತೆಗೇ ತಿರುಗುವ ಪೀಠ ಬೇಕು.

ಪೀಠ ಬಂತೆಂದು ಐದು ನಿಮಿಷ ಶಟರ್ ತೆರೆದು ಕೂರಬೇಡಿ. ನಕ್ಷತ್ರಗುಚ್ಛ ನೀಹಾರಿಕೆಯಷ್ಟು ಮಂಕಲ್ಲ. 15 ಸೆಕೆಂಡಿನ ನೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ ಚಿತ್ರದ ಕಾಳುಕಾಳಾದ ಗದ್ದಲ (ನಾಯ್ಸ್) ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಗಾಳಿಗೆ ಅಲುಗಿದ ನಾಲ್ಕು ಚಿತ್ರಗಳನ್ನು ಎಸೆದರೂ ನಷ್ಟವಿಲ್ಲ.

ಇಷ್ಟಾದರೂ ನಕ್ಷತ್ರಗಳು ಉಬ್ಬಿಕೊಂಡಿದ್ದರೆ ಅದು ಫೋಕಸ್ಸಿನ ದೋಷ. ಗುಚ್ಛದಲ್ಲಿ ನೋಡುವುದಕ್ಕೆ ಇರುವುದೇ ಚುಕ್ಕೆಗಳು. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಮುಚ್ಚಿಡಲು ಬೇರೇನೂ ಇಲ್ಲ. ಕೊಳವೆಯ ಬಾಯಿಗೆ ಬಾಹ್ತಿನೋವ್ ಮುಖವಾಡ, ಅಂದರೆ ಓರೆಸೀಳುಗಳಿರುವ ತಟ್ಟೆ, ತೊಡಿಸಿ. ಪ್ರಕಾಶಮಾನ ನಕ್ಷತ್ರವೊಂದರ ಮೇಲೆ ಮೂರು ಕಿರಣಗಳು ಮೂಡುತ್ತವೆ. ನಡುವಿನದು ಉಳಿದೆರಡು ಕತ್ತರಿಸುವಲ್ಲಿಗೆ ಸರಿಯಾಗಿ ಬಂದು ನಿಲ್ಲುವವರೆಗೆ ಫೋಕಸ್ಸಿನ ಗುಬುಟನ್ನು ತಿರುಗಿಸಿ. ಮುಖವಾಡ ತೆಗೆಯಲು ಮರೆಯಬೇಡಿ. ನಾನು ಮರೆತು ಒಂದಿಡೀ ರಾತ್ರಿ ಕಳೆದುಕೊಂಡಿದ್ದೇನೆ. ರಾತ್ರಿ ತಂಪಾದಂತೆ ಕೊಳವೆ ಕುಗ್ಗಿ ಫೋಕಸ್ ಜಾರುತ್ತದೆ, ಗಂಟೆಗೊಮ್ಮೆ ಪರೀಕ್ಷಿಸಿ.

ಎಕ್ಸ್‌ಪೋಷರ್ ಚಿಕ್ಕದಿರಲಿ ಎನ್ನುವುದಕ್ಕೆ ಇನ್ನೊಂದು ಕಾರಣ ಬಣ್ಣ. ಬೆಳಕು ಹೆಚ್ಚಾದರೆ ಎಲ್ಲ ನಕ್ಷತ್ರಗಳೂ ಒಂದೇ ಬಿಳಿ. ಪರ್ಸಿಯಸ್ ಪುಂಜದ ಜೋಡಿಗುಚ್ಛವನ್ನು ಹಿತಮಿತವಾಗಿ ತೆಗೆದು ನೋಡಿ: ನೀಲಿ ಹರಳುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಡ. ಅವು ಮುಪ್ಪಿಗೆ ಬಂದ ಕೆಂಪು ಮಹಾದೈತ್ಯಗಳು.