ಸೈಡ್‌ಕಾರ್ ಬಿಟ್ಟು ಹೊರಟ ಬಾಕ್ಸರ್: ಬಿಎಂಡಬ್ಲ್ಯು ಸ್ಲ್ಯಾಶ್ ಫೈವ್ ಕಥೆ

ಹಳೇ ಬಿಎಂಡಬ್ಲ್ಯು ಬೈಕ್ ಅಂದ ತಕ್ಷಣ ನೆನಪಾಗೋದು ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್ ಚಾಚ್ಕೊಂಡಿರೋ ಬಾಕ್ಸರ್ ಇಂಜಿನ್ನು. 1923ರಲ್ಲಿ ಮ್ಯಾಕ್ಸ್ ಫ್ರಿಟ್ಜ್ ಮಾಡಿದ ಆರ್ 32ರಿಂದ ಇದೇ ಅವತಾರ. ಹಾಗಾಗಿ ತುಂಬಾ ಜನ ಅಂದ್ಕೊಂಡಿರೋದು ಒಂದೇ ಇಂಜಿನ್ನನ್ನ ವರ್ಷಾನುಗಟ್ಲೆ ತಿದ್ದಿ ತೀಡಿ ಮಾರ್ತಾ ಬಂದ್ರು ಅಂತ. 1969ರಲ್ಲಿ ಬಂದ ಸ್ಲ್ಯಾಶ್ ಫೈವ್ ಸೀರೀಸ್‌ಗೆ, ಅಂದ್ರೆ ಆರ್ 50/5, ಆರ್ 60/5, ಆರ್ 75/5 ಈ ಮೂರಕ್ಕೆ ಆ ಮಾತು ಒಪ್ಪಲ್ಲ. ಸಿಲಿಂಡರ್ ಕೂರಿಸಿದ ರೀತಿ, ಹಿಂದಿನ ಚಕ್ರ ತಿರುಗಿಸೋಕೆ ಚೈನ್ ಬದಲು ಶಾಫ್ಟು, ಇವೆರಡನ್ನ ಉಳಿಸ್ಕೊಂಡು ಮಿಕ್ಕಿದ್ದನ್ನ ಹೆಚ್ಚುಕಮ್ಮಿ ಹೊಸದಾಗೇ ಮಾಡಿದ್ರು.

ಹೊಸದಾಗಿ ಯಾಕೆ ಮಾಡಬೇಕಾಯ್ತು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಕಾರ್ ಕೊಳ್ಳೋಕೆ ಆಗದವರ ಗಾಡಿ ಬೈಕು, ಸಂಸಾರ ಇದ್ರೆ ಪಕ್ಕಕ್ಕೊಂದು ಸೈಡ್‌ಕಾರು. 50ರ ದಶಕದ ಕೊನೆಗೆ ಜನರ ಕೈಲಿ ದುಡ್ಡು ಓಡಾಡಿ ಎಲ್ಲರೂ ಸಣ್ಣ ಕಾರಿನ ಕಡೆ ಹೊರಳಿದ್ರು, ಬೈಕ್ ಮಾರ್ಕೆಟ್ಟು ಮಕಾಡೆ ಮಲಗ್ತು. ಬಿಎಂಡಬ್ಲ್ಯು ಕಂಪನಿಯೇ 1959ರ ಡಿಸೆಂಬರ್‌ನಲ್ಲಿ ಮರ್ಸಿಡಿಸ್ ಕಾರ್ ಮಾಡ್ತಿದ್ದ ಡೈಮ್ಲರ್-ಬೆಂಜ್ ಪಾಲಾಗೋದ್ರಲ್ಲಿತ್ತು, ಸಣ್ಣ ಶೇರುದಾರರೂ ಡೀಲರ್‌ಗಳೂ ಮೀಟಿಂಗಲ್ಲಿ ಗಲಾಟೆ ಎಬ್ಬಿಸಿ ತಪ್ಪಿಸಿದ್ರು, ಆಮೇಲೆ ಉದ್ಯಮಿ ಹರ್ಬರ್ಟ್ ಕ್ವಾಂಟ್ ದುಡ್ಡು ಹಾಕಿ ನಿಲ್ಲಿಸಿದ್ರು. ಆ ದುಡ್ಡೂ ತಲೇನೂ ಮೊದಲು ಹೋಗಿದ್ದು ಕಾರಿಗೆ. ಬೈಕ್ ಡಿಪಾರ್ಟ್‌ಮೆಂಟು ಹತ್ತು ವರ್ಷ ಮೂಲೇಲೇ ಕೂತಿತ್ತು.

ಅಲ್ಲಿವರೆಗೂ ಮಾರ್ತಿದ್ದ ಆರ್ 60, ಆರ್ 69 ಎಸ್ ಗಾಡಿಗಳ ಮುಂದುಗಡೆ ಅರ್ಲ್ಸ್ ಫೋರ್ಕ್, ಅಂದ್ರೆ ಮುಂದಿನ ಚಕ್ರವನ್ನ ಮೇಲೆ ಕೆಳಗೆ ಆಡೋ ತೋಳಿನ ಮೇಲೆ ಹಿಡಿಯೋ ಫೋರ್ಕ್ ಇರ್ತಿತ್ತು. ಸೈಡ್‌ಕಾರ್ ಭಾರ ತಡೆಯೋಕೆ ಅದು ಗಟ್ಟಿ ಆಸಾಮಿ, ಆದ್ರೆ ಭಾರ ಜಾಸ್ತಿ, ಜೋರಾಗಿ ಬ್ರೇಕ್ ಹಿಡಿದ್ರೆ ಮುಂಭಾಗ ತಗ್ಗೋ ಬದಲು ಮೇಲಕ್ಕೇಳುತ್ತೆ. ಸೈಡ್‌ಕಾರ್ ಹಾಕೋರೇ ಇಲ್ಲ ಅಂದ್ಮೇಲೆ ಒಬ್ಬನೇ ಓಡಿಸೋನು ಅದನ್ನ ಯಾಕೆ ಹೊತ್ಕೊಂಡು ತಿರುಗಬೇಕು? ಅಮೆರಿಕಾ ಗಿರಾಕಿಗಳಿಗಂತೂ ಬೈಕು ಶೋಕಿಗೆ, ಹಾಗಾಗಿ 1968ರಲ್ಲೇ ಅವರಿಗೆ ಅಂತ ಟೆಲಿಸ್ಕೋಪಿಕ್ ಫೋರ್ಕ್ (ಒಂದರೊಳಗೊಂದು ಜಾರೋ ಕೊಳವೆಗಳದ್ದು) ಇರೋ ಮಾಡೆಲ್ ಕಳಿಸಿ ನೋಡಿದ್ರು.

ಹೊಸ ಗಾಡಿ ಕೆಲಸ ಬಂದಿದ್ದು ಪೋರ್ಶೆಯಿಂದ ಬಂದಿದ್ದ ಇಂಜಿನಿಯರ್ ಹ್ಯಾನ್ಸ್-ಗುಂಥರ್ ಫಾನ್ ಡೆರ್ ಮಾರ್ವಿಟ್ಜ್ ಕೈಗೆ. ಹ್ಯಾಂಡ್ಲಿಂಗ್‌ನಲ್ಲಿ ಅವರ ಕಣ್ಣಿದ್ದಿದ್ದು ಬ್ರಿಟನ್ನಿನ ರೇಸ್ ಬೈಕ್ ಮ್ಯಾಂಕ್ಸ್ ನಾರ್ಟನ್ ಮೇಲೆ. ಫ್ರೇಮಿನ ನಕ್ಷೆಯಲ್ಲೂ ನಾರ್ಟನ್ ನೆರಳು ಕಾಣುತ್ತೆ, ಇಂಜಿನ್ನನ್ನ ಎರಡು ಕೊಳವೆಗಳು ಸುತ್ತುವರಿಯೋ ಹಗುರ ಡಬಲ್ ಲೂಪು, ಹಿಂದಿನ ಭಾಗ ಬೋಲ್ಟ್ ಹಾಕಿ ಸೇರಿಸಿದ್ದು. ಸೈಡ್‌ಕಾರ್ ಸಿಕ್ಕಿಸೋ ಕೊಂಡಿಗಳನ್ನೇ ಫ್ರೇಮಿನಿಂದ ತೆಗೆದುಹಾಕಿದ್ರು. ನನ್ನ ಪ್ರಕಾರ ಇಡೀ ಕಥೇಲಿ ದೊಡ್ಡ ತೀರ್ಮಾನ ಅದೇ.

ಇಂಜಿನ್ ವಿಷ್ಯಕ್ಕೆ ಬಂದ್ರೆ ಇದು ಕಾರಿನ ಕಡೆಯಿಂದ ಬಂದ ಬುದ್ಧಿ. ಹಳೇದ್ರಲ್ಲಿ ಕ್ರ್ಯಾಂಕ್‌ಗೆ (ಪಿಸ್ಟನ್ನಿನ ಓಡಾಟವನ್ನ ತಿರುಗಾಟ ಮಾಡೋ ಶಾಫ್ಟು) ರೋಲರ್ ಬೇರಿಂಗು, ಆಯಿಲ್ ಫಿಲ್ಟರ್ ಅಂತ ಇರಲೇ ಇಲ್ಲ, ಕೊಳೆಯೆಲ್ಲಾ ಕ್ರ್ಯಾಂಕ್ ಜೊತೆ ತಿರುಗೋ ಎರಡು ತಟ್ಟೆಗಳ ಅಂಚಲ್ಲಿ ಗಟ್ಟಿ ಕಟ್ಕೊಳ್ತಿತ್ತು, ತುಂಬಿಕೊಂಡ್ರೆ ಬೇರಿಂಗಿಗೆ ಆಯಿಲ್ ಹೋಗೋದು ನಿಲ್ತಿತ್ತು, ಕ್ಲೀನ್ ಮಾಡ್ಬೇಕು ಅಂದ್ರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಹೊಸದ್ರಲ್ಲಿ ಒಂದೇ ತುಂಡಿನ ಫೋರ್ಜ್ಡ್ ಕ್ರ್ಯಾಂಕು, ಕಾರಲ್ಲಿರೋ ತರ ಉರುಳೆಗಳಿಲ್ಲದ ಪ್ಲೇನ್ ಬೇರಿಂಗು, ಪ್ರೆಶರ್‌ನಲ್ಲಿ ಆಯಿಲ್ ತಳ್ಳೋ ಪಂಪು, ಬದಲಾಯಿಸೋಕೆ ಬರೋ ಪೇಪರ್ ಫಿಲ್ಟರು. ಮೇಲಿದ್ದ, ವಾಲ್ವ್ ಆಡಿಸೋ ಕ್ಯಾಮ್‌ಶಾಫ್ಟು ಕ್ರ್ಯಾಂಕಿನ ಕೆಳಗಿಳೀತು, ಅದಕ್ಕೇ ಇದ್ರಲ್ಲಿ ವಾಲ್ವ್‌ವರೆಗೆ ತಳ್ಳೋ ಪುಶ್‌ರಾಡ್ ಕಡ್ಡಿಗಳ ಕೊಳವೆಗಳು ಸಿಲಿಂಡರಿನ ಅಡಿಗಿರೋದು. ಹಳೇದು ಹೊಸದು ಪಕ್ಕಪಕ್ಕ ನಿಲ್ಲಿಸಿದ್ರೆ ಕಣ್ಣಿಗೆ ಮೊದಲು ಬೀಳೋ ವ್ಯತ್ಯಾಸಾನೂ ಇದೇ. ಮೂರು ಮಾಡೆಲ್‌ಗೂ ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಒಂದೇ, 70.6 ಮಿ.ಮೀ., ಬೋರ್ (ಸಿಲಿಂಡರಿನ ಅಗಲ) ಮಾತ್ರ ಬೇರೆ ಬೇರೆ. ಪವರ್ರು ಆರ್ 50/5ಗೆ 32, ಆರ್ 60/5ಗೆ 40, 745 ಸಿಸಿ ಆರ್ 75/5ಗೆ 50 ಕುದುರೆ. 12 ವೋಲ್ಟ್ ಕರೆಂಟು, ಸೆಲ್ಫ್ ಸ್ಟಾರ್ಟೂ ಬಂತು, ಆದ್ರೆ ಕಿಕ್ಕರ್ ಬಿಡೋಕೆ ಧೈರ್ಯ ಸಾಲ್ಲಿಲ್ಲ! ತಮಾಷೆ ಅಂದ್ರೆ ಇಷ್ಟೆಲ್ಲಾ ಮಾಡಿದೋರು ಹೆಡ್‌ಲೈಟ್ ಮೇಲೆ ಮೊಳೆ ತರದ ಕೀನೇ ಉಳಿಸ್ಕೊಂಡ್ರು, ಒಂದು ಗಾಡಿ ಕೀ ಇನ್ನೊಂದಕ್ಕೂ ಆಗ್ತಿತ್ತು.

ಅದೇ ವರ್ಷ ಹೋಂಡಾದವರು ಸಿಬಿ 750 ತಂದ್ರು, ನಾಲ್ಕು ಸಿಲಿಂಡರ್, 67 ಕುದುರೆ, ಮುಂದೆ ಡಿಸ್ಕ್ ಬ್ರೇಕು. ಡ್ರಮ್ ಬ್ರೇಕಿನ ಬಿಎಂಡಬ್ಲ್ಯು ಲೆಕ್ಕದಲ್ಲಿ ಸೋತಿತ್ತು, ಆದ್ರೆ ದಿನಪೂರ್ತಿ ಹೈವೇಲಿ ಓಡಿಸೋರಿಗೆ, ಚೈನ್ ಟೈಟ್ ಮಾಡೋ ರಗಳೆ ಬೇಡ ಅನ್ನೋರಿಗೆ ಇದೇ ಬೇಕಿತ್ತು.

ಗಾಡಿ ತಯಾರಾಗಿದ್ದು ಮ್ಯೂನಿಕ್‌ನಲ್ಲಲ್ಲ. ಅಲ್ಲಿನ ಜಾಗ ಕಾರಿಗೇ ಸಾಲ್ತಿರಲಿಲ್ಲ, ಹಾಗಾಗಿ ಬೈಕನ್ನ ಬರ್ಲಿನ್ನಿನ ಸ್ಪಾಂಡಾವ್‌ಗೆ ಸಾಗಿಸಿದ್ರು, ಯುದ್ಧದ ಕಾಲದಲ್ಲಿ ವಿಮಾನದ ಇಂಜಿನ್ ಮಾಡ್ತಿದ್ದ ಫ್ಯಾಕ್ಟರಿ ಅದು, ಆಗ ಸುತ್ತ ಪೂರ್ವ ಜರ್ಮನಿ, ಮಧ್ಯೆ ಗೋಡೆಯೊಳಗೆ ಪಶ್ಚಿಮ ಬರ್ಲಿನ್. ಬಿಎಂಡಬ್ಲ್ಯು ಬೈಕು ಈಗ್ಲೂ ಅಲ್ಲಿ ಆಗುತ್ತೆ. (ಸಣ್ಣ ಜಿ 310 ನಮ್ಮ ಬೆಂಗಳೂರಿನ ಪಕ್ಕ ಹೊಸೂರಲ್ಲಿ ಟಿವಿಎಸ್‌ನವರು ಮಾಡಿಕೊಟ್ಟಿದ್ದು.)

1972ರಲ್ಲಿ ಇದ್ದಕ್ಕಿದ್ದಂಗೆ ಸ್ಟೈಲ್ ಮಾಡೋ ಹುಕ್ಕಿ ಬಂತು. 24 ಲೀಟರ್ ಟ್ಯಾಂಕಿನ ಬದಲು ಚಿಕ್ಕ ಟ್ಯಾಂಕು, ಅದರ ಎರಡೂ ಪಕ್ಕ ಫಳಫಳ ಹೊಳೆಯೋ ಕ್ರೋಮ್ ತಗಡು. ಅಮೆರಿಕಾದವರು ಟೋಸ್ಟರ್ ಅಂತ ಅಡ್ಡಹೆಸರಿಟ್ಟು ನಕ್ಕರು, ಕಂಪನಿ ಮರುವರ್ಷವೇ ಕ್ರೋಮ್ ಕೈಬಿಡ್ತು. ಈಗ ಕಲೆಕ್ಟರ್‌ಗಳು ಮುಗಿಬೀಳೋದು ಅದೇ ಟೋಸ್ಟರ್‌ಗೆ!

ಒಟ್ಟು 68,956 ಗಾಡಿ ಆದ್ವು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಆರ್ 75/5. 1973ರಲ್ಲಿ ಸ್ಲ್ಯಾಶ್ ಸಿಕ್ಸ್ ಬಂದು ಐದು ಗೇರು, ದೊಡ್ಡ ಮಾಡೆಲ್‌ಗಳಿಗೆ ಡಿಸ್ಕ್ ಬ್ರೇಕೂ ಸಿಕ್ತು, ಜೊತೆಗೆ ಹ್ಯಾನ್ಸ್ ಮೂತ್ ಡಿಸೈನ್ ಮಾಡಿದ ಆರ್ 90 ಎಸ್. 80ರ ದಶಕದಲ್ಲಿ ನಾಲ್ಕು ಸಿಲಿಂಡರ್ ಕೆ ಸೀರೀಸ್ ತಂದು ಬಾಕ್ಸರ್ ಮುಗಿಸೋಣ ಅಂತ ಹೊರಟಿದ್ರು, ಗಿರಾಕಿಗಳು ಬಿಡಲಿಲ್ಲ, ಸ್ಲ್ಯಾಶ್ ಫೈವ್ ಇಂಜಿನ್ನಿನ ವಂಶ 1996ರವರೆಗೂ ನಡೀತು.

ಯಾರಾದ್ರೂ ಸ್ಲ್ಯಾಶ್ ಫೈವ್ ತೋರಿಸಿದ್ರೆ ಹಿಂದಿನ ಸ್ವಿಂಗ್‌ಆರ್ಮ್, ಅಂದ್ರೆ ಹಿಂದಿನ ಚಕ್ರ ಹಿಡಿದಿರೋ ತೋಳು ನೋಡಿ. ಜೋರಲ್ಲಿ ಹೋಗುವಾಗ ಅಲುಗಾಡುತ್ತೆ ಅಂತ ದೂರು ಬರ್ತಿತ್ತು, ಬ್ಯಾಟರಿಗೆ ಜಾಗಾನೂ ಸಾಲ್ತಿರಲಿಲ್ಲ, ಹಾಗಾಗಿ 1973ರ ಗಾಡಿಗಳಲ್ಲಿ ಅದನ್ನ 50 ಮಿ.ಮೀ. ಉದ್ದ ಮಾಡಿದ್ರು. ಹೊಸ ಅಚ್ಚು ಮಾಡೋ ಗೋಜಿಗೆ ಹೋಗದೆ ಮಧ್ಯಕ್ಕೊಂದು ತುಂಡು ಸೇರಿಸಿ ವೆಲ್ಡ್ ಮಾಡಿದ್ದಾರೆ, ಆ ವೆಲ್ಡು ಈಗ್ಲೂ ಕಣ್ಣಿಗೆ ಹೊಡೆದಂಗೆ ಕಾಣುತ್ತೆ.