ಸಂತೆ ಮೊದಲಾ, ಮನೆ ಮೊದಲಾ? ರೇಸ್ ಟ್ರ್ಯಾಕ್ ಪಕ್ಕದ ಮನೆಯವರ ದೂರು

ಪ್ರಶ್ನೆ: ರೇಸ್ ಟ್ರ್ಯಾಕ್ ಮೊದಲೇ ಇರುತ್ತದೆ. ಅದು ಗೊತ್ತಿದ್ದೇ ಪಕ್ಕದಲ್ಲಿ ಮನೆ ತಗೊಳ್ತಾರೆ. ಆಮೇಲೆ ಸದ್ದು ಜಾಸ್ತಿ ಅಂತ ಕೋರ್ಟಿಗೆ ಹೋಗ್ತಾರೆ. ಇಂಥವರ ಮಾತನ್ನು ಕೋರ್ಟ್ ಯಾಕೆ ಕೇಳಬೇಕು?

ಉತ್ತರ: ಟ್ರ್ಯಾಕಿಗೂ ನೆರೆಯವರಿಗೂ ಜಗಳ ಅಂತ ಸುದ್ದಿ ಬಂದಾಗಲೆಲ್ಲ ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ಸಂತೆಯಲ್ಲಿ ಮನೆ ಮಾಡಿಕೊಂಡು ಸದ್ದಿಗೆ ನಾಚಿದರೆ ಹೇಗೆ ಅಂತ ನಮ್ಮಲ್ಲಿ ಮಾತೇ ಇದೆ, ಅಲ್ವಾ? ನನಗೂ ಹಾಗೇ ಅನಿಸುತ್ತಿತ್ತು. ಆದರೆ ಇಂಗ್ಲೆಂಡಿನ ಒಂದು ಕೇಸಿನ ವಿವರ ಓದಿದ ಮೇಲೆ ತೊಡಕು ಎಲ್ಲಿದೆ ಅಂತ ಗೊತ್ತಾಯಿತು. ಮನೆಯೇ ಮೊದಲು ಇದ್ದು, ಸಂತೆ ಆಮೇಲೆ ಬಂದಿದ್ದರೆ?

ಸಫೋಕ್‌ನ ಮಿಲ್ಡನ್‌ಹಾಲ್ ಹತ್ತಿರ ಬಯಲಲ್ಲಿ ಒಂದು ಸ್ಟೇಡಿಯಂ ಇದೆ. 1975ರಲ್ಲಿ ಅದಕ್ಕೆ ಪ್ಲ್ಯಾನಿಂಗ್ ಅನುಮತಿ ಸಿಕ್ಕಿತು. ಮರುವರ್ಷವೇ ಸ್ಪೀಡ್‌ವೇ ಶುರುವಾಯಿತು. ಸ್ಪೀಡ್‌ವೇ ಅಂದರೆ ಬ್ರೇಕೇ ಇಲ್ಲದ 500 ಸಿಸಿ ಬೈಕುಗಳು ಅಂಡಾಕಾರದ ಟ್ರ್ಯಾಕಿನಲ್ಲಿ ಅಡ್ಡಡ್ಡ ಜಾರುತ್ತಾ ನಾಲ್ಕು ಸುತ್ತು ಹಾಕುವ ಆಟ. 1984ರಿಂದ ಬ್ಯಾಂಗರ್ ರೇಸೂ ಸೇರಿಕೊಂಡಿತು. ಗುಜರಿಗೆ ಹೋಗಬೇಕಾದ ಕಾರುಗಳನ್ನು ತಂದು ಬೇಕಂತಲೇ ಗುದ್ದಾಡಿಸುವುದು. 1992ರಲ್ಲಿ ಸ್ಟೇಡಿಯಂ ಹಿಂದೆ ಮೋಟೋಕ್ರಾಸ್ (ಮಣ್ಣಿನ ಏರುತಗ್ಗುಗಳಲ್ಲಿ ಬೈಕು ಓಡಿಸುವ ಆಟ) ಟ್ರ್ಯಾಕಿಗೂ ಅನುಮತಿ ಬಂತು.

2006ರ ಜನವರಿಯಲ್ಲಿ ಇಬ್ಬರು ಅಲ್ಲಿಯ ಒಂದು ಬಂಗಲೆ ಕೊಂಡರು. ಸ್ಟೇಡಿಯಂಗೆ ಸುಮಾರು 560 ಮೀಟರ್, ಮೋಟೋಕ್ರಾಸ್ ಟ್ರ್ಯಾಕಿಗೆ ಸುಮಾರು 860 ಮೀಟರ್ ದೂರ. ಬಂದ ಸ್ವಲ್ಪ ದಿನಕ್ಕೇ ದೂರು ಶುರು. 2007ರ ಡಿಸೆಂಬರಿನಲ್ಲಿ ಅಲ್ಲಿಯ ಸ್ಥಳೀಯ ಕೌನ್ಸಿಲ್ ಟ್ರ್ಯಾಕಿನವರಿಗೆ ನೋಟಿಸ್ ಕೊಟ್ಟಿತು. ಟ್ರ್ಯಾಕಿನವರು ಸದ್ದು ತಗ್ಗಿಸುವ ಕೆಲಸವನ್ನೂ ಮಾಡಿಸಿದರು. ಆದರೂ ಸಾಲದು ಅಂತ ಇವರು ಕೋರ್ಟಿಗೆ ಹೋದರು. 2011ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು, 2012ರಲ್ಲಿ ಮೇಲ್ಮನವಿಯಲ್ಲಿ ಸೋತರು, 2014ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆದ್ದರು.

ಸುದ್ದಿ ಓದಿದವರಿಗೆ ಇದೆಂಥ ನ್ಯಾಯ ಅನಿಸಿದ್ದು ಸಹಜ. 30 ವರ್ಷದ ಹಿಂದಿನ ಸ್ಟೇಡಿಯಂ, ನಿನ್ನೆ ಬಂದ ಮನೆಯವರು. ಆದರೆ ಆ ಬಂಗಲೆ ಕಟ್ಟಿದ್ದು 1950ರ ದಶಕದಲ್ಲಿ. ಸ್ಟೇಡಿಯಂಗಿಂತ ಸುಮಾರು ಇಪ್ಪತ್ತು ವರ್ಷ ಮೊದಲು. ಹೊಸಬರು ಮನೆಯ ಮಾಲೀಕರೇ ಹೊರತು ಮನೆಯಲ್ಲ.

ಇಡೀ ಉತ್ತರದ ತಿರುಳು ಇಷ್ಟೇ. ಈ ಥರ ಕೇಸಿನಲ್ಲಿ ಕಾನೂನು ನೋಡುವುದು ಜಮೀನಿನ ಹಕ್ಕನ್ನು. ನೆಮ್ಮದಿಯಾಗಿ ವಾಸ ಮಾಡುವ ಹಕ್ಕು ಮನೆಗೆ ಅಂಟಿಕೊಂಡಿರುತ್ತದೆ, ಮನೆ ಕೈ ಬದಲಾದಾಗ ಜೊತೆಗೇ ಹೋಗುತ್ತದೆ. ಹಾಗಲ್ಲದೆ ಹೋದರೆ ಏನಾಗುತ್ತಿತ್ತು ನೋಡಿ. ನೀವು ಮನೆ ಕಟ್ಟಿ ಇಪ್ಪತ್ತು ವರ್ಷವಾದ ಮೇಲೆ ಪಕ್ಕಕ್ಕೆ ಟ್ರ್ಯಾಕ್ ಬಂತು ಅಂತಿಟ್ಟುಕೊಳ್ಳಿ. ನೀವು ದೂರು ಕೊಡಬಹುದು, ನಿಮ್ಮಿಂದ ಕೊಂಡವರು ಕೊಡುವ ಹಾಗಿಲ್ಲ ಅಂತಾದರೆ ಆ ಮನೆಯನ್ನು ಒಳ್ಳೇ ಬೆಲೆಗೆ ಯಾರು ತಗೋತಾರೆ? ತಪ್ಪು ಟ್ರ್ಯಾಕಿನದ್ದು, ನಷ್ಟ ನಿಮ್ಮದು.

ಹಾಗಂತ ಮನೆಯವರಿಗೆ ಪೂರ್ತಿ ಗೆಲುವು ಅಂದುಕೊಳ್ಳಬೇಡಿ. ಸುಪ್ರೀಂ ಕೋರ್ಟಿನ ಪ್ರಮುಖ ತೀರ್ಪು ಬರೆದ ನ್ಯಾಯಾಧೀಶ ಲಾರ್ಡ್ ನ್ಯೂಬರ್ಗರ್ ಒಂದು ಗೆರೆಯನ್ನೂ ಎಳೆದರು. ಸದ್ದಿನ ಚಟುವಟಿಕೆ ಶುರುವಾದ ಮೇಲೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿಕೊಂಡವರು, ಅಥವಾ ಕೊಟ್ಟಿಗೆಯನ್ನು ಮನೆ ಮಾಡಿಕೊಂಡ ಹಾಗೆ ಜಾಗದ ಬಳಕೆಯನ್ನೇ ಬದಲಿಸಿಕೊಂಡವರು ದೂರು ತಂದರೆ, ‘ನಾವು ಮೊದಲು ಬಂದವರು’ ಅನ್ನುವ ಮಾತಿಗೆ ತೂಕ ಬರಬಹುದು. ಅಂದರೆ ಸಂತೆಯಲ್ಲಿ ನಿಜವಾಗಿಯೂ ಮನೆ ಮಾಡಿದವರಿಗೆ ನಮ್ಮ ಹಳೇ ಮಾತು ಅನ್ವಯಿಸೀತು.

ಹತ್ತೊಂಬತ್ತನೇ ಶತಮಾನದ ನ್ಯಾಯಾಧೀಶರು ಇದಕ್ಕಿಂತ ಖಡಕ್ಕಾಗಿದ್ದರು. 1879ರ ಲಂಡನ್ನಿನ ಕೇಸು ಒಂದಿದೆ. ಒಬ್ಬ ಮಿಠಾಯಿ ತಯಾರಕನ ಅಡುಗೆಮನೆಯಲ್ಲಿ ದೊಡ್ಡ ಎರಡು ಒರಳು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುಟ್ಟುತ್ತಲೇ ಇದ್ದ, ಯಾರೂ ಕೇಳಿರಲಿಲ್ಲ. ಪಕ್ಕದ ಮನೆಯ ಡಾಕ್ಟರ್ ತಮ್ಮ ಹಿತ್ತಲ ಕೊನೆಯಲ್ಲಿ, ಆ ಅಡುಗೆಮನೆಯ ಗೋಡೆಗೆ ತಾಗುವ ಹಾಗೆ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದರು. ಕುಟ್ಟುವ ಸದ್ದಿನಲ್ಲಿ ರೋಗಿಯ ಎದೆಬಡಿತ ಕೇಳಿಸುವುದು ಹೇಗೆ? ಡಾಕ್ಟರ್ ಕೇಸ್ ಹಾಕಿ ಗೆದ್ದರು. ಇಪ್ಪತ್ತು ವರ್ಷ ಯಾರೂ ತಡೆಯದಿದ್ದರೆ ಸದ್ದು ಮಾಡುವುದೇ ಹಕ್ಕಾಗುತ್ತದೆ ಅನ್ನುವುದು ಮಿಠಾಯಿಯವನ ವಾದ. ತೊಂದರೆ ಅಂತ ಆದದ್ದೇ ಕೋಣೆ ಕಟ್ಟಿದ ಮೇಲೆ, ಆದ್ದರಿಂದ ಆ ಇಪ್ಪತ್ತು ವರ್ಷದ ಲೆಕ್ಕ ಅಲ್ಲಿಂದ ಶುರು ಅಂದಿತು ಕೋರ್ಟ್. ನನಗಂತೂ ಆ ಮಿಠಾಯಿಯವನ ಮೇಲೆ ಈಗಲೂ ಪಾಪ ಅನಿಸುತ್ತದೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಗೋಡೆಯಾಚೆ ಹಿಟ್ಟಿನ ಗಿರಣಿ ಇತ್ತು. ಬೆಳಗ್ಗೆ ಎಂಟಕ್ಕೆ ಬೆಲ್ಟು ತಿರುಗಲು ಶುರುವಾದರೆ ನಡುಮನೆಯ ಸ್ಟೀಲ್ ಲೋಟಗಳು ಸಣ್ಣಗೆ ಜಣಜಣ ಅನ್ನುತ್ತಿದ್ದವು. ಅಜ್ಜಿಗೆ ಅದು ಸದ್ದು ಅಂತಲೇ ಅನಿಸುತ್ತಿರಲಿಲ್ಲ. ಕರೆಂಟು ಹೋಗಿ ಗಿರಣಿ ನಿಂತಾಗ ಮಾತ್ರ ‘ಏನಾಯ್ತೋ’ ಅಂತ ಎದ್ದು ಕೂರುತ್ತಿದ್ದರು. ದಿನಾ ಒಂದೇ ಹೊತ್ತಿಗೆ, ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಬಿಡುತ್ತದೆ. ರೇಸಿನ ಸದ್ದು ಹಾಗಲ್ಲ. ಏರುತ್ತದೆ, ಇಳಿಯುತ್ತದೆ, ನಿಂತಿತು ಅಂದುಕೊಂಡರೆ ಮತ್ತೆ ಕಿರುಚುತ್ತದೆ.

‘ಸರ್ಕಾರದ ಅನುಮತಿ ಇದೆಯಲ್ಲ’ ಅನ್ನುವುದು ಟ್ರ್ಯಾಕಿನವರ ಎರಡನೇ ವಾದ. ಮಿಲ್ಡನ್‌ಹಾಲ್ ಕೇಸಿನ ಮೇಲ್ಮನವಿಯಲ್ಲಿ ಇದೇ ಅವರನ್ನು ಗೆಲ್ಲಿಸಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಜಾಗದಲ್ಲಿ ಈ ಕೆಲಸ ಮಾಡಬಹುದು ಅಂತ ಪ್ಲ್ಯಾನಿಂಗ್ ಇಲಾಖೆ ಹೇಳುವುದು ಬೇರೆ, ಪಕ್ಕದವನ ಹಕ್ಕನ್ನು ಕಿತ್ತುಕೊಳ್ಳುವುದು ಬೇರೆ. ಅನುಮತಿ ಪತ್ರದಲ್ಲಿ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಇಷ್ಟೇ ಡೆಸಿಬೆಲ್ ಅಂತ ಷರತ್ತು ಇದ್ದರೆ, ಎಷ್ಟು ಸದ್ದು ಸಹಿಸಬಹುದು ಅಂತ ತೂಗುವಾಗ ಅದು ಲೆಕ್ಕಕ್ಕೆ ಬರುತ್ತದೆ, ಅಷ್ಟೆ.

560 ಮೀಟರ್ ದೂರ ಸಾಲದಾ ಅಂತ ಕೇಳಬಹುದು. ಒಂದು ಕಾಗದದ ಲೆಕ್ಕ ಹಾಕೋಣ. ಬ್ರಿಟನ್ನಿನ ಹಲವು ಕಾರ್ ರೇಸುಗಳಲ್ಲಿ ಎಕ್ಸಾಸ್ಟಿನಿಂದ (ಹೊಗೆ ಕೊಳವೆಯಿಂದ) ಅರ್ಧ ಮೀಟರ್ ದೂರದಲ್ಲಿ ಸದ್ದು ಅಳೆದಾಗ 105 ಡೆಸಿಬೆಲ್ ಮೀರಬಾರದು ಅಂತ ನಿಯಮ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಿಂದ 560 ಮೀಟರಿಗೆ ಹೋದರೆ ಸುಮಾರು 61 ಕಳೆದು, ಉಳಿಯುವುದು 44. ಪರವಾಗಿಲ್ಲ ಅನಿಸುತ್ತದೆ. ಆದರೆ ಇದು ಒಂದೇ ಕಾರಿನ ಲೆಕ್ಕ. 20 ಕಾರು ಒಟ್ಟಿಗೆ ಓಡಿದರೆ 13 ಸೇರಿ 57. ಮೇಲಾಗಿ ಆ ಪರೀಕ್ಷೆ ಮಾಡುವುದು ಕಾರು ನಿಂತಿದ್ದಾಗ, ಎಂಜಿನ್ನನ್ನು ಮುಕ್ಕಾಲು ವೇಗದಲ್ಲಿ ಓಡಿಸಿ. ರೇಸಿನಲ್ಲಿ ಯಾರು ಮುಕ್ಕಾಲಿಗೆ ನಿಲ್ಲಿಸುತ್ತಾರೆ?

ಗಾಳಿಯೂ ಆಟ ಆಡುತ್ತದೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂರು ಊರಾಚೆಯ ಯಕ್ಷಗಾನದ ಚೆಂಡೆ ರಾತ್ರಿ ಗದ್ದೆ ದಾಟಿ ಅಂಗಳಕ್ಕೇ ಬಂದ ಹಾಗೆ ಕೇಳುತ್ತದಲ್ಲ, ಅದೇ. ಸಂಜೆಯ ಮೇಲೆ ನೆಲ ತಣ್ಣಗಾಗುತ್ತದೆ, ನೆಲದ ಹತ್ತಿರದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಗಿಳಿಯುತ್ತದೆ. ಮಣ್ಣಿನ ದಿಬ್ಬ ಕಟ್ಟಿದರೂ ಅದರ ಮೇಲಿಂದಲೇ ಬಂದುಬಿಡಬಹುದು. ಬೆಳಗ್ಗೆ ಬಂದು ಅಳೆದ ಅಧಿಕಾರಿ ‘ಎಲ್ಲ ಸರಿ ಇದೆ’ ಅಂದದ್ದೂ ನಿಜ, ಸಂಜೆ ಮನೆಯವರು ಕಿವಿ ಮುಚ್ಚಿಕೊಂಡದ್ದೂ ನಿಜ.

ಈ ಜಗಳ ಹೊಸದೇನಲ್ಲ. ಲಂಡನ್ ಹತ್ತಿರದ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್ ಶುರುವಾದ 1907ರಲ್ಲೇ ಎಸ್. ಎಫ್. ಎಡ್ಜ್ ಅನ್ನುವವರು 24 ಗಂಟೆ ಒಂದೇ ಸಮನೆ ಕಾರು ಓಡಿಸಿ ದಾಖಲೆ ಮಾಡಿದರು. ಸುತ್ತಲಿನವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಗಲಾಟೆಯಾಗಿ, ಅಲ್ಲಿ ರಾತ್ರಿ ಓಡಿಸುವುದೇ ನಿಂತಿತು. 1920ರ ದಶಕದಲ್ಲಿ ನೆರೆಯವರು ಕೋರ್ಟಿಗೂ ಹೋದರು, ಎಲ್ಲ ಕಾರಿಗೂ ದೊಡ್ಡ ಡಬ್ಬಿಯಂಥ ಸೈಲೆನ್ಸರ್ ಕಡ್ಡಾಯವಾಯಿತು. ಅದಕ್ಕೆ ‘ಬ್ರೂಕ್‌ಲ್ಯಾಂಡ್ಸ್ ಕ್ಯಾನ್’ ಅಂತಲೇ ಹೆಸರು. ಬಾಯಿ ಮೀನಿನ ಬಾಲದ ಹಾಗೆ ಚಪ್ಪಟೆ. 1929ರಲ್ಲಿ 24 ಗಂಟೆಯ ರೇಸ್ ಬೇಕು ಅನಿಸಿತು, ರಾತ್ರಿ ಓಡಿಸುವಂತಿಲ್ಲ. ಏನು ಮಾಡಿದರು? ಹಗಲು 12 ಗಂಟೆ ಓಡಿಸಿ, ರಾತ್ರಿ ಕಾರುಗಳಿಗೆ ಬೀಗ ಹಾಕಿ, ಮಾರನೇ ದಿನ ಉಳಿದ 12 ಗಂಟೆ ಓಡಿಸಿದರು. ‘ಡಬಲ್ ಟ್ವೆಲ್ವ್’ ಅನ್ನುವ ರೇಸ್ ಹುಟ್ಟಿದ್ದು ಹೀಗೆ.

ಈಚಿನ ಜಗಳಗಳು ಡೆಸಿಬೆಲ್‌ಗಿಂತ ಹೆಚ್ಚಾಗಿ ದಿನಗಳ ಮೇಲೆ ನಿಂತಿವೆ. ಯುದ್ಧಕಾಲದ ವಿಮಾನ ನಿಲ್ದಾಣವೊಂದರ ಮೇಲೆ ಇರುವ ಯಾರ್ಕ್‌ಶೈರಿನ ಕ್ರಾಫ್ಟ್ ಸರ್ಕ್ಯೂಟ್ ಕೇಸಿನಲ್ಲಿ 2009ರಲ್ಲಿ ಬಂದ ಮೇಲ್ಮನವಿ ತೀರ್ಪು ರೇಸ್ ನಿಲ್ಲಿಸಿ ಅನ್ನಲಿಲ್ಲ. ಜೋರು ಸದ್ದಿನ ದಿನಗಳು ವರ್ಷಕ್ಕೆ 40 ಮೀರಬಾರದು ಅಂದಿತು. ಮನೆಯವರಿಗೆ ಸುಮಾರು 1,50,000 ಪೌಂಡ್ ಪರಿಹಾರವೂ ಸಿಕ್ಕಿತು. ಅನೇಕರು ತಪ್ಪು ತಿಳಿಯುವುದು ಇಲ್ಲೇ. ತಲೆನೋವು ತರುವುದು ವರ್ಷಕ್ಕೆರಡು ದೊಡ್ಡ ರೇಸ್ ಅಲ್ಲ, ಆ ದಿನ ಮನೆಯವರು ನೆಂಟರ ಮನೆಗೆ ಹೋಗಿಬಿಡಬಹುದು. ದುಡ್ಡು ಕೊಟ್ಟು ತಮ್ಮದೇ ಕಾರು ತಂದು ಓಡಿಸುವ ಟ್ರ್ಯಾಕ್ ಡೇಗಳು ಇರುತ್ತವಲ್ಲ, ಮಂಗಳವಾರ, ಗುರುವಾರ ಅಂತ ಯಾವಾಗ ಬೇಕಾದರೂ ಬರುವವು, ಕಷ್ಟ ಅವುಗಳದ್ದು. ಆದರೆ ಟ್ರ್ಯಾಕಿನ ಹೊಟ್ಟೆ ತುಂಬುವುದರಲ್ಲಿ ಅವುಗಳದ್ದೇ ದೊಡ್ಡ ಪಾಲು. ರಾಜಿ ಸುಲಭವಾಗಿ ಆಗದಿರುವುದು ಅದಕ್ಕೇ.

ಮಿಲ್ಡನ್‌ಹಾಲ್‌ನಲ್ಲಿ ಗೆದ್ದವರಿಗೆ ಸಿಕ್ಕಿದ್ದೆಷ್ಟು ಅಂತ ಕೇಳಿದರೆ ಬೇಜಾರಾಗುತ್ತದೆ. ಹೈಕೋರ್ಟ್ ಕೊಟ್ಟ ಪರಿಹಾರ ಸುಮಾರು 20,000 ಪೌಂಡ್. ಸದ್ದಿನಿಂದ ಮನೆಯ ಬೆಲೆ ಇಳಿದದ್ದು ಹೆಚ್ಚೆಂದರೆ 74,000 ಪೌಂಡ್. ಕೆಳಗಿನ ಕೋರ್ಟಿನಲ್ಲಿ ಮನೆಯವರ ಕಡೆಯ ಖರ್ಚೇ ವಕೀಲರ ಫೀಸು, ಗೆದ್ದರೆ ಕೊಡುವ ಹೆಚ್ಚುವರಿ ಫೀಸು, ವಿಮೆ ಎಲ್ಲ ಸೇರಿ 10 ಲಕ್ಷ ಪೌಂಡ್ ದಾಟಿತ್ತು. ಅದರಲ್ಲಿ ನೂರಕ್ಕೆ 60 ಭಾಗ ಸೋತವರ ತಲೆಗೆ. ಇಷ್ಟರ ನಡುವೆ, 2010ರಲ್ಲೇ ಬೆಂಕಿ ಬಿದ್ದು ಆ ಬಂಗಲೆ ಖಾಲಿಯಾಗಿತ್ತು. ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯುವಾಗ ಅಲ್ಲಿ ಸದ್ದು ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

2018ರಿಂದ ಇಂಗ್ಲೆಂಡಿನ ಪ್ಲ್ಯಾನಿಂಗ್ ನೀತಿಯಲ್ಲೇ ಒಂದು ಮಾತು ಸೇರಿದೆ. ಹಳೇ ವ್ಯವಹಾರದ ಪಕ್ಕ ಹೊಸ ಮನೆ ಕಟ್ಟುವವರು ಸದ್ದಿನಿಂದ ಕಾಪಾಡುವ ವ್ಯವಸ್ಥೆಯನ್ನು ತಾವೇ ಮಾಡಬೇಕು. ಪ್ರಶ್ನೆ ಕೇಳಿದವರ ಸಿಟ್ಟಿಗೆ ಇಲ್ಲಿ ಸ್ವಲ್ಪ ಸಮಾಧಾನ ಸಿಗಬಹುದು.

ನಮ್ಮ ಕಡೆ ಇಂಥ ಕೇಸು ಕಡಿಮೆ. ಬೆಂಗಳೂರಿನ ಹುಡುಗರು ಟ್ರೇಲರಿನಲ್ಲಿ ಬೈಕು ಹೇರಿಕೊಂಡು ಹೋಗುವ ಇರುಂಗಾಟುಕೋಟೈ ಟ್ರ್ಯಾಕ್ ಇರುವುದು ಶ್ರೀಪೆರಂಬದೂರಿನ ಕೈಗಾರಿಕಾ ಪ್ರದೇಶದಲ್ಲಿ. 2023ರಲ್ಲಿ ಚೆನ್ನೈ ನಗರದ ಬೀದಿಯಲ್ಲೇ ಫಾರ್ಮುಲಾ 4 ಓಡಿಸಲು ಹೊರಟಾಗ ಮಾತ್ರ ಪಕ್ಕದ ಆಸ್ಪತ್ರೆಯ ರೋಗಿಗಳ ಗತಿ ಏನು ಅನ್ನುವ ಪ್ರಶ್ನೆ ಮದ್ರಾಸ್ ಹೈಕೋರ್ಟಿನವರೆಗೂ ಹೋಯಿತು. ಸದ್ದು ತಗ್ಗಿಸುವ ಷರತ್ತಿನ ಮೇಲೆ 2024ರಲ್ಲಿ ರೇಸ್ ನಡೆಯಿತು. ನಮ್ಮ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. 10 ಅಥವಾ ಅದಕ್ಕಿಂತ ಜಾಸ್ತಿ ಮೀರಿದರೆ ದೂರು ಕೊಡಬಹುದು. ಮೇಲಿನ ಕಾಗದದ ಲೆಕ್ಕದ 57ನ್ನು ಇದರ ಪಕ್ಕ ಇಟ್ಟು ನೋಡಿ.

ಇಂಗ್ಲೆಂಡಿನಲ್ಲಿರುವ ನಮ್ಮವರು ಯಾರಾದರೂ ಟ್ರ್ಯಾಕ್ ಹತ್ತಿರ ಮನೆ ನೋಡುತ್ತಿದ್ದರೆ, ಭಾನುವಾರ ಬ್ರೋಕರ್ ಜೊತೆ ಹೋಗಿ ಮುಗಿಸಬೇಡಿ. ಟ್ರ್ಯಾಕಿನ ವರ್ಷದ ಕ್ಯಾಲೆಂಡರ್ ತೆಗೆಯಿರಿ, ಅನುಮತಿ ಪತ್ರದಲ್ಲಿ ದಿನಗಳ ಮಿತಿ ಇದೆಯಾ ನೋಡಿ. ಆಮೇಲೆ ಟ್ರ್ಯಾಕ್ ಡೇ ಇರುವ ಯಾವುದಾದರೂ ವಾರದ ದಿನ, ಗಾಳಿ ಟ್ರ್ಯಾಕಿನ ಕಡೆಯಿಂದ ಮನೆ ಕಡೆಗೆ ಬೀಸುವಾಗ, ಹಿತ್ತಲಲ್ಲಿ ಒಂದು ಗಂಟೆ ಸುಮ್ನೆ ಕೂತು ಬನ್ನಿ.